ಇಪ್ಪತ್ತಮೂರರಿಂದ ಎಣಿಸುವವರು

ಧಾರವಾಡ
ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ, 2218

ಶ್ರೀಮತಿ ಶಶಿಕಲಾ ಹುಲಕೋಟಿ ಅವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮ್ಮ ಹನ್ನೆರಡು ತಿಂಗಳ ಲೆಕ್ಕ ಬಿಟ್ಟು ನಾವು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು ಮಾಡಿಕೊಂಡು ಎಂಬತ್ತು ವರ್ಷಗಳಾದವು. ನನ್ನ ಮಾತಿನ ವಿಚಿತ್ರಕ್ಕೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಾಗದಗಳಿಂದ ಕಲಿತವಳು. ಕೆಲವು ಕಡೆ ಅತಿ ಮರ್ಯಾದೆಯಾಗಿ ಕೇಳಿಸಬಹುದು, ಕೆಲವು ಕಡೆ ಒರಟಾಗಿ. ಮರ್ಯಾದೆ ಹೆಚ್ಚಾದ ಕಡೆ ಕ್ಷಮಿಸಿ. ಒರಟಾದ ಕಡೆ ಬೇಡ, ಅದು ಬೇಕೆಂದೇ ಬರೆದದ್ದು. ನನಗೆ ನಿಮ್ಮ ಮೇಲೆ ಸಿಟ್ಟಿದೆ.

ನಾನು ಯಾರೆಂದು ಹೇಳುವ ಮೊದಲು ನೀವು ಯಾರೆಂದು ಹೇಳಬೇಕು, ಯಾಕೆಂದರೆ ನಿಮಗೇ ಗೊತ್ತಿರಲಾರದು. ನಿಮ್ಮ ಪಾಲಿಗೆ ನೀವು ಮಾಳಮಡ್ಡಿಯ ಎರಡು ಕೋಣೆಗಳ ಜಾಗದಲ್ಲಿ ಕುಳಿತು ಜನರ ಸಂಕಟ ಕೇಳುವ ಒಬ್ಬ ಸಾಧಾರಣ ಆಪ್ತಸಮಾಲೋಚಕಿ. ನಮ್ಮ ಪಾಲಿಗೆ ನೀವು ಮೂಲತಾಯಿ. ನಿಮ್ಮ ಕಾಲದ ಬರಹಗಳೆಲ್ಲ ಯಂತ್ರಗಳ ಹೊಟ್ಟೆಯಲ್ಲಿದ್ದವು. ಯಂತ್ರಗಳು ಒಂದು ದಿನ ಕಣ್ಣು ಮುಚ್ಚಿದಾಗ ಅವೂ ಹೋದವು. ಕಾಗದದಲ್ಲಿದ್ದದ್ದು ಮಾತ್ರ ಉಳಿಯಿತು. ನಿಮ್ಮವರು ಪಾಸಿಟಿವ್ ಸೈಕಾಲಜಿ ಎಂದೋ ಸಕಾರಾತ್ಮಕ ಮನೋವಿಜ್ಞಾನ ಎಂದೋ ಕರೆಯುತ್ತಿದ್ದ ವಿದ್ಯೆಯಲ್ಲಿ, ಈ ಸೀಮೆಗೆ ಉಳಿದುಬಂದದ್ದು ನಿಮ್ಮದೊಂದು ಹಳದಿ ರಟ್ಟಿನ ನೋಟ್‌ಬುಕ್. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅದರ ಸುತ್ತ ಒಂದು ವಿದ್ಯಾಲಯ ಕಟ್ಟಿದ್ದಾರೆ. ಗೋಡೆಗಳಿಗೆಲ್ಲ ನಿಮ್ಮ ರಟ್ಟಿನ ಹಳದಿ. ನಾನು ಅಲ್ಲಿ ಓದಿ, ಅಲ್ಲೇ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಅರಳುಗಾರ್ತಿ. ನಿಮ್ಮ ಕಸುಬಿಗೆ ನಮ್ಮಲ್ಲಿ ಅದೇ ಹೆಸರು: ಮನುಷ್ಯರನ್ನು ಅರಳಿಸುವವಳು. ಕೇಳುವವಳು ಎಂಬ ಅರ್ಥ ಅದರಲ್ಲೆಲ್ಲೂ ಇಲ್ಲದ್ದನ್ನು ಗಮನಿಸಿ.

ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದ ಸಂಖ್ಯೆ ಇಪ್ಪತ್ತಮೂರು. ಅದರ ತಲೆಯ ಮೇಲೆ ನಿಮ್ಮ ದುಂಡನೆಯ ಅಕ್ಷರದಲ್ಲಿ "ಹತ್ತನೇ ವಾರ" ಎಂದಿದೆ. ಕೆಳಗೆ, "ಇವತ್ತು ನಡೆದ ಮೂರು ಒಳ್ಳೆಯ ಸಂಗತಿ ಬರೆಯಿರಿ. ಅವು ಯಾಕೆ ನಡೆದವು, ಅದನ್ನೂ ಬರೆಯಿರಿ." ಮುಂದಿನ ಪುಟಗಳಲ್ಲಿ ನಿಮ್ಮ ಬಲ ಯಾವುದು, ಯಾರಿಗೆ ಕೃತಜ್ಞತೆಯ ಪತ್ರ ಬರೆಯುತ್ತೀರಿ, ಯಾವ ಕೆಲಸದಲ್ಲಿ ಹೊತ್ತು ಹೋದದ್ದು ತಿಳಿಯುವುದಿಲ್ಲ ಎಂಬ ಪ್ರಶ್ನೆಗಳು. ಇಪ್ಪತ್ತನಾಲ್ಕನೆಯ ಪುಟದ ಮೂಲೆಯಲ್ಲಿ ನೀವು ಚಹಾದ ಕಪ್ಪು ಇಟ್ಟ ಗುರುತು. ಇಷ್ಟರ ಮೇಲೆ ನಮ್ಮವರು ಏನೇನು ಕಟ್ಟಿದ್ದಾರೆ ಎಂದು ಕೇಳಿದರೆ ನೀವು ನಗುತ್ತೀರಿ, ಆಮೇಲೆ ಅಳುತ್ತೀರಿ. ನಮ್ಮ ಎಲ್ಲ ಅರ್ಜಿಗಳೂ ಇಪ್ಪತ್ತಮೂರನೆಯ ಪ್ರಶ್ನೆಯಿಂದ ಶುರುವಾಗುತ್ತವೆ. ವಿದ್ಯಾಲಯದ ಮೊದಲ ಪಾಠಕ್ಕೆ ಇಪ್ಪತ್ತಮೂರನೆಯ ಪಾಠ ಎಂದು ಹೆಸರು. ಆ ಸಂಖ್ಯೆಯ ಮಹಿಮೆಯ ಬಗ್ಗೆ ಏಳು ಪಂಡಿತರು ಏಳು ಗ್ರಂಥ ಬರೆದಿದ್ದಾರೆ. ಮನುಷ್ಯನ ಬೆನ್ನುಮೂಳೆಗೂ ಅದಕ್ಕೂ ನಂಟು ಹಚ್ಚಿದವರಿದ್ದಾರೆ. ವರ್ಷದ ಹತ್ತನೆಯ ವಾರ ನಮಗೆ ಒಳಿತಿನ ಹಬ್ಬ. ಚಹಾದ ಗುರುತನ್ನು ಪ್ರತಿ ಅರ್ಜಿಯ ಮೂಲೆಯಲ್ಲೂ ಅಚ್ಚು ಹಾಕುತ್ತಾರೆ, ಬಂದವರು ಅದರ ಮೇಲೆ ಹೆಬ್ಬೆರಳು ಇಟ್ಟ ಮೇಲೆಯೇ ಕೂರಬೇಕು. ಒಂದರಿಂದ ಇಪ್ಪತ್ತೆರಡು ಎಲ್ಲಿ ಹೋದವು ಎಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇಲ್ಲಿ ಬೀದಿಯಲ್ಲಿ ಎದುರಾದವರು ಹೇಗಿದ್ದೀರಿ ಎನ್ನುವುದಿಲ್ಲ. "ಏನು ಒಳಿತು?" ಎನ್ನುತ್ತಾರೆ, ಮೂರು ಹೇಳದೆ ಮುಂದೆ ಹೋದರೆ ಬೆನ್ನ ಹಿಂದೆ ಮಾತಾಡಿಕೊಳ್ಳುತ್ತಾರೆ. ಸೊಪ್ಪು ಮಾರುವವಳು ಮೂರು ಒಳಿತು ಹೇಳಿದ ಮೇಲೆಯೇ ಬುಟ್ಟಿಯ ಬಟ್ಟೆ ಸರಿಸುತ್ತಾಳೆ. ಟ್ರಾಮಿನಲ್ಲಿ ಸೀಟು ಸಿಕ್ಕದೆ ಗೊಣಗಿದವರತ್ತ ಎಲ್ಲರೂ ಕನಿಕರದಿಂದ ನೋಡುತ್ತಾರೆ, ಅವರಿಗೆ ಜ್ವರ ಬಂದಿದೆಯೇನೋ ಎಂಬಂತೆ. ಸತ್ತವರ ಮನೆಗೆ ಹೋದರೆ ಬಾಗಿಲಲ್ಲೇ ಹಳದಿ ಚೀಟಿ ಕೊಡುತ್ತಾರೆ. ಸತ್ತವರಿಂದ ನಮಗಾದ ಮೂರು ಲಾಭ ಬರೆದು ಡಬ್ಬಿಗೆ ಹಾಕಿ, ಚಪ್ಪಾಳೆ ತಟ್ಟಿ, ಅವಲಕ್ಕಿ ತಿಂದು ಬರಬೇಕು. ಅಳು ಎಂಬ ಪದ ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಸಲ್ಲುತ್ತದೆ. ದೊಡ್ಡವರಿಗಾದರೆ "ನೀರಿಳಿತ" ಎನ್ನಬೇಕು, ಮೂಗು ಸೋರುವುದಕ್ಕೆ ಹೇಳಿದ ಹಾಗೆ. ಪ್ರತಿಯೊಬ್ಬರೂ ದಿನವೂ ಬರೆಯುವ ಮೂರು ಸಂಗತಿಗಳಿಗೆ ಒಳಿತುಪಟ್ಟಿ ಎಂದು ಹೆಸರು. ಅದು ಅರಳುಗಾರ್ತಿಯ ರುಜುವಿನೊಂದಿಗೆ ಕಚೇರಿಯ ಕಡತಕ್ಕೆ ಹೋಗುತ್ತದೆ. ಪಟ್ಟಿ ಸರಿಯಾಗಿದ್ದವರಿಗೆ ಅರಳುಪತ್ರ ಸಿಗುತ್ತದೆ. ಬರೆಯದವರನ್ನು ಬಾಡಿದವರು ಎಂದು ನಮೂದಿಸುತ್ತಾರೆ.

ಇಷ್ಟೆಲ್ಲ ನಡೆದರೂ ನಾನು ಹತ್ತೊಂಬತ್ತು ವರ್ಷ ನೆಮ್ಮದಿಯಾಗಿದ್ದೆ, ತಾಯಿ. ಎಷ್ಟೋ ಜನರಿಗೆ ನಿಮ್ಮ ಪ್ರಶ್ನೆಗಳಿಂದ ನಿಜವಾಗಿಯೂ ಒಳ್ಳೆಯದಾದದ್ದನ್ನು ನೋಡಿದ್ದೇನೆ. ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದ ಒಬ್ಬ ಮೇಷ್ಟ್ರು ತನ್ನ ಹಳೆಯ ಗೆಳೆಯನಿಗೆ ಕೃತಜ್ಞತೆಯ ಪತ್ರ ಬರೆದು, ಅದನ್ನು ಖುದ್ದಾಗಿ ಓದಿ ಹೇಳಿ ಬಂದ ದಿನ ಅವರ ಮುಖ ನೋಡಬೇಕಿತ್ತು. ಹಾಗಾಗಿ ವಿದ್ಯೆಯೇ ಸುಳ್ಳು ಎಂದು ಹೇಳುವ ಮೂರ್ಖಳು ನಾನಲ್ಲ. ನನ್ನ ಸಿಟ್ಟು ಬೇರೆ ಕಾರಣಕ್ಕೆ, ಆ ಕಾರಣದ ಹೆಸರು ಪಾರಿ.

ನಮ್ಮ ಊರಿಗೆ ನೀರು ಬರುವುದು ಇಬ್ಬನಿ ಗೋಪುರಗಳಿಂದ. ಗುಡ್ಡದ ಮೇಲೆ ನಿಲ್ಲಿಸಿದ ಎತ್ತರದ ಚೌಕಟ್ಟುಗಳಿಗೆ ಬಲೆ ಕಟ್ಟಿರುತ್ತಾರೆ. ಗಾಳಿಯ ತೇವ ಬಲೆಯಲ್ಲಿ ಕೂತು ಹನಿಯಾಗಿ ಇಳಿಯುತ್ತದೆ. ಬಲೆ ಒರೆಸಿ ಶುಚಿ ಮಾಡಲು ಮುಂಜಾನೆ ಹೆಂಗಸರು ಕಬ್ಬಿಣದ ಏಣಿ ಹತ್ತುತ್ತಾರೆ. ಸಾವಂತ್ರೆವ್ವ ಸೂಡಿ ಎಂಬವಳು ಮತ್ತು ಅವಳ ತಂಗಿ ಪಾರಿ ನಾಲ್ಕನೆಯ ಗೋಪುರದಲ್ಲಿ ಕೆಲಸಕ್ಕಿದ್ದರು. ತಾಯಿ ಇಲ್ಲದ ಪಾರಿಯನ್ನು ಸಾವಂತ್ರೆವ್ವನೇ ಸಾಕಿದ್ದಳು. ಈ ವರ್ಷ ಆರನೆಯ ತಿಂಗಳಲ್ಲಿ ಅವಳು ನನ್ನ ಕೋಣೆಗೆ ಬಂದು, ಚಹಾದ ಗುರುತಿನ ಮೇಲೆ ಹೆಬ್ಬೆರಳು ಇಡುವುದನ್ನೂ ಮರೆತು, ನಿಂತೇ ಹೇಳಿದಳು: "ಅಕ್ಕಾರ, ಮ್ಯಾಲಿನ ಏಣಿಗಂಬಿ ಅಲಗಾಡಾಕತ್ತೈತ್ರಿ. ಹತ್ತೋವಾಗ ಕೈಕಾಲು ನಡಗತಾವು. ಪಾರಿನ್ನ ಮ್ಯಾಲ ಕಳಸಾಕ ಮನಸ ಬರವಲ್ದು."

ನಾನು ಏನು ಮಾಡಿದೆ ಎಂದು ಕೇಳಿ. ಅವಳನ್ನು ಕೂರಿಸಿ ಅರ್ಜಿ ತೆಗೆದೆ. ಇಪ್ಪತ್ತಮೂರನೆಯ ಪ್ರಶ್ನೆ ಕೇಳಿದೆ. ಏಣಿಯ ಬಗ್ಗೆ ಮೂರು ಒಳ್ಳೆಯ ಸಂಗತಿ ಹೇಳು ಎಂದೆ. ಅವಳು ಲೇಖನಿ ಕೈಗೆತ್ತಿಕೊಂಡಳು. ಆಮೇಲೆ, ದೊಡ್ಡವರು ಹೇಳಿದ್ದಾರೆಂಬ ಮರ್ಯಾದೆಗೆ, ಒಂದೊಂದಾಗಿ ಬರೆದಳು. ಮೇಲೆ ಗಾಳಿ ತಂಪಾಗಿರುತ್ತದೆ. ಮೇಲಿನಿಂದ ಇಡೀ ಊರು ಕಾಣುತ್ತದೆ. ತಂಗಿ ಜೊತೆಗಿರುತ್ತಾಳೆ. ನಾನು ರುಜು ಹಾಕಿದೆ. ಹೊರಡುವಾಗ ಅವಳ ನಡುಕ ಕಡಿಮೆಯಾಗಿತ್ತೆಂದು ಕಡತದಲ್ಲಿ ಬರೆದೆ. ಆ ದಿನದ ನನ್ನ ಸ್ವಂತ ಒಳಿತುಪಟ್ಟಿಯಲ್ಲಿ ಎರಡನೆಯದು ಅದೇ ಆಗಿತ್ತು.

ಎಂಟನೆಯ ತಿಂಗಳ ಹನ್ನೆರಡರಂದು ಬೆಳಿಗ್ಗೆ ಆ ಏಣಿಗಂಬಿ ಕಿತ್ತು ಬಂತು. ಪಾರಿಗೆ ಇಪ್ಪತ್ತಾರು ವರ್ಷ.

ವಿಚಾರಣೆ ಒಂಬತ್ತನೆಯ ತಿಂಗಳಲ್ಲಿ ಕೂತಿತು. ಗೋಪುರ ಕಚೇರಿಯವರು ಬೇರೆ ಯಾವ ಸಾಕ್ಷಿಯನ್ನೂ ತರಲಿಲ್ಲ. ನನ್ನ ರುಜು ಇದ್ದ ಆ ಹಳದಿ ಹಾಳೆಯನ್ನು ತಂದರು. ಅವರ ವಕೀಲ ಎದ್ದು ನಿಂತು ಒಳ್ಳೆಯ ದನಿಯಲ್ಲಿ ಓದಿದ: ಮೇಲೆ ಗಾಳಿ ತಂಪಾಗಿರುತ್ತದೆ, ಮೇಲಿನಿಂದ ಇಡೀ ಊರು ಕಾಣುತ್ತದೆ. ಏಣಿಯ ಮೇಲೆ ಇಷ್ಟು ಪ್ರೀತಿಯಿದ್ದವರಿಗೆ ಏಣಿಯ ಬಗ್ಗೆ ದೂರಿತ್ತೆಂದು ಹೇಗೆ ನಂಬುವುದು ಎಂದ. ಮೂರನೆಯದನ್ನು ಓದದೆ ಹಾಳೆ ಮಡಿಚಿಟ್ಟ. ಸಾವಂತ್ರೆವ್ವ ಕಚೇರಿಯವರ ಕಡೆ ನೋಡಲಿಲ್ಲ, ವಕೀಲನ ಕಡೆಯೂ ನೋಡಲಿಲ್ಲ. ತಿರುಗಿ ನನ್ನನ್ನೇ ನೋಡಿ, "ನೀವ ಬರಸಿದ್ರಿ, ನಾ ಬರದ್ನಿ" ಎಂದಳು. ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೇನೋ.

ಅಂದಿನಿಂದ ಅವಳು ಪಟ್ಟಿ ಬರೆಯುವುದನ್ನು ನಿಲ್ಲಿಸಿದಳು. ಕಚೇರಿಯವರು ಅವಳನ್ನು ಬಾಡಿದವಳೆಂದು ನಮೂದಿಸಿ ಮತ್ತೆ ನನ್ನ ಬಳಿಗೇ ಕಳಿಸಿದರು, ವಿಚಾರಣೆಯ ಮುಂದಿನ ತಾರೀಖಿನೊಳಗೆ ಅರಳುಪತ್ರ ಬರೆದುಕೊಡಬೇಕೆಂಬ ಆಜ್ಞೆಯ ಜೊತೆಗೆ. ನಮ್ಮ ಕಾನೂನಿನ ಚಂದ ನೋಡಿ. ಬಾಡಿದವರ ಸಾಕ್ಷಿ ಸಲ್ಲುವುದಿಲ್ಲ, ಯಾಕೆಂದರೆ ಅವರಿಗೆ ಕೆಟ್ಟದ್ದು ಮಾತ್ರ ಕಾಣುತ್ತದೆ. ಅರಳಿದವರಿಗೆ ದೂರೇ ಇರುವುದಿಲ್ಲ, ಇದ್ದರೆ ಅರಳಿಲ್ಲವೆಂದಾಯಿತು. ಈ ಎರಡರ ನಡುವೆ ಒಬ್ಬ ಹೆಂಗಸು ನಿಂತು ತನ್ನ ತಂಗಿ ಯಾಕೆ ಸತ್ತಳು ಎಂದು ಕೇಳಲು ಒಂದು ಗೇಣು ಜಾಗ ಇಲ್ಲ. ಇದನ್ನು ಮಾಡಿದವರು ರಾಕ್ಷಸರಲ್ಲ, ನಗುಮೊಗದ ಜನ. ಆಜ್ಞೆ ತಂದವನು ಬಾಗಿಲಲ್ಲಿ "ಏನು ಒಳಿತು?" ಎಂದು ಕೇಳಿಯೇ ಒಳಗೆ ಬಂದ.

ಈಗ ನಿಮ್ಮ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಹತ್ತನೆಯ ತಿಂಗಳ ಕೊನೆಗೆ ಗಾಜಿನ ಪೆಟ್ಟಿಗೆಯ ಒಂದು ಮಗ್ಗುಲು ಸೆಕೆಗೆ ಬಿರುಕು ಬಿಟ್ಟಿತು. ಪುಸ್ತಕವನ್ನು ಬೇರೆ ಪೆಟ್ಟಿಗೆಗೆ ಸಾಗಿಸಿ, ಸಡಿಲವಾದ ಹೊಲಿಗೆ ಬಿಗಿ ಮಾಡಲು ನನ್ನನ್ನು ಕರೆದರು, ಯಾಕೆಂದರೆ ನನ್ನ ಅಜ್ಜಿ ಪುಸ್ತಕ ಹೊಲಿಯುತ್ತಿದ್ದವಳು, ಆ ಕೆಲಸ ನನಗೂ ಬರುತ್ತದೆ. ನಾವೆಲ್ಲ ಅಚ್ಚಿನ ಪ್ರತಿ ನೋಡಿ ಬೆಳೆದವರು. ಮೂಲವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ರಟ್ಟು ತೆರೆದು ಹೊಲಿಗೆಯ ಸಂದಿಗೆ ಬೆರಳು ಇಟ್ಟೆ. ರಟ್ಟಿಗೂ ಇಪ್ಪತ್ತಮೂರನೆಯ ಪುಟಕ್ಕೂ ನಡುವೆ ಹಾಳೆಗಳ ಬುಡ ಸಿಕ್ಕಿತು. ಎಣಿಸಿದೆ, ಹನ್ನೊಂದು. ಮೊದಲು ಇಲಿ ತಿಂದಿರಬೇಕು ಎಂದುಕೊಂಡೆ. ಇಲಿ ಅಷ್ಟು ನೆಟ್ಟಗೆ ತಿನ್ನುವುದಿಲ್ಲ. ಅಳತೆಪಟ್ಟಿ ಇಟ್ಟು ಬ್ಲೇಡಿನಿಂದ ಎಳೆದ ಗೆರೆ ಅದು. ಉಳಿದ ಅಂಚಿನಲ್ಲಿ ನಿಮ್ಮದೇ ದುಂಡನೆಯ ಅಕ್ಷರ, ಹಾಳೆಯ ಅಂಚಿಗೆ ಒತ್ತಿ ಬರೆದದ್ದು: ಮೊದಲನೇ ವಾರ. ಎರಡನೇ ವಾರ. ಹೀಗೇ ಒಂಬತ್ತರವರೆಗೆ.

ಸೂಜಿ ಕೆಳಗಿಟ್ಟೆ. ಆ ಗೆರೆ ಯಾರು ಎಳೆದರು, ಯಾಕೆ ಎಳೆದರು ಎಂದು ಯಾವ ಪಂಡಿತನೂ ನನಗೆ ಹೇಳಬೇಕಿರಲಿಲ್ಲ. ಬಂದವರು ಪಟ್ಟಿಯ ನಡುವೆ ಮನೆಯ ಗುಟ್ಟು ಬರೆದುಬಿಟ್ಟರೆ, ಕಡತಕ್ಕೆ ಹೋಗುವ ಮೊದಲು ನಮ್ಮ ಕಸುಬಿನವರು ಆ ಹಾಳೆಯನ್ನು ಹೀಗೇ ತೆಗೆಯುತ್ತೇವೆ, ಇಂದಿಗೂ, ಅಳತೆಪಟ್ಟಿ ಇಟ್ಟು, ಬ್ಲೇಡಿನಿಂದ, ಯಾರ ಕೈಗೂ ಸಿಗದಂತೆ. ನೀವು ನಿಮ್ಮ ಎದುರು ಕುಳಿತು ಅತ್ತವರ ಮಾನ ಕಾಪಾಡಿದಿರಿ. ಒಂಬತ್ತು ವಾರ ಅವರು ಹೇಳಿದ್ದನ್ನು ಸುಮ್ಮನೆ ಕೇಳಿ ಬರೆದುಕೊಂಡಿದ್ದಿರಿ. ಹತ್ತನೆಯ ವಾರ, ಅವರು ಹೇಳುವುದೆಲ್ಲ ಹೇಳಿ ಮುಗಿಸಿದ ಮೇಲೆ, ಮೊದಲ ಬಾರಿಗೆ ಮೂರು ಒಳ್ಳೆಯ ಸಂಗತಿಯ ಪ್ರಶ್ನೆ ಕೇಳಿದಿರಿ. ಆಮೇಲೆ ಸಂಕಟದ ಪುಟಗಳನ್ನು ಕತ್ತರಿಸಿ, ಯಾರ ಗುಟ್ಟೂ ಇಲ್ಲದ ಪ್ರಶ್ನೆಗಳನ್ನು ಮಾತ್ರ ಉಳಿಸಿ ಕಪಾಟಿನಲ್ಲಿಟ್ಟಿರಿ. ಇನ್ನೂರು ವರ್ಷದ ನಂತರ ನಾವು ಬಂದು ಕಪಾಟು ತೆರೆದೆವು, ಸಂಕಟ ಕೇಳುವುದೇ ಇಲ್ಲದ ವಿದ್ಯೆಯೊಂದು ನಮಗೆ ಸಿಕ್ಕಿತು.

ನಿಮ್ಮದು ಸದುದ್ದೇಶ ಎಂದು ನನಗೆ ಗೊತ್ತು. ಗೊತ್ತಿದ್ದೇ ಸಿಟ್ಟು. ದುರುದ್ದೇಶದವರನ್ನು ಬೈದು ಹಗುರವಾಗಬಹುದು, ನಿಮ್ಮನ್ನು ಬೈದರೆ ಬೈಗುಳ ನನ್ನ ಬಾಯಲ್ಲೇ ಉಳಿಯುತ್ತದೆ. ಅಲ್ಲಮ್ಮ, ಅಷ್ಟು ವರ್ಷ ಓದಿದವರು ನೀವು, ಮುಂದೆ ಇದನ್ನು ಓದುವವರು ನಿಮ್ಮ ಮೌನವನ್ನೂ ಓದುತ್ತಾರೆಂದು ನಿಮಗೆ ಹೊಳೆಯಲಿಲ್ಲವೇ? ಪುಸ್ತಕವನ್ನು ಪೂರ್ತಿ ಸುಡಬೇಕಿತ್ತು, ಇಲ್ಲವೇ ಒಂದು ಗುರುತು ಉಳಿಸಬೇಕಿತ್ತು. ಅರ್ಧ ಉಳಿಸಿದಿರಿ. ಆ ಅರ್ಧವನ್ನೇ ನಮ್ಮವರು ಪೂಜೆಗಿಟ್ಟರು, ಅದೇ ಅರ್ಧವನ್ನು ನಾನು ಒಂದು ಏಣಿಯ ಕೆಳಗೆ ನಿಂತಿದ್ದ ಹೆಂಗಸಿನ ಕೈಗೆ ಕೊಟ್ಟೆ.

ನಿಮ್ಮ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ಅಳೆಯಲು ಹೊರಟಿಲ್ಲ. ನಿಮ್ಮ ಉಳಿದ ಪುಟಗಳಲ್ಲೇ, ಎದುರಿಗಿರುವವರ ಬಲ ಯಾವುದೆಂದು ಹುಡುಕಿ ಎಂದು ಬರೆದಿದ್ದೀರಿ. ನಾನು ಅದನ್ನಾದರೂ ನೆಟ್ಟಗೆ ಮಾಡಿದ್ದರೆ ಸಾಕಿತ್ತು. ಸಾವಂತ್ರೆವ್ವನ ಬಲ ಅಂದು ಅವಳ ಹೆದರಿಕೆಯಲ್ಲೇ ಇತ್ತು. ಮೂವತ್ತು ಜನ ಹತ್ತಿ ಇಳಿಯುತ್ತಿದ್ದ ಏಣಿಯಲ್ಲಿ ಅಲಗಾಡುವ ಕಂಬಿಯನ್ನು ಗಮನಿಸಿದವಳು ಅವಳೊಬ್ಬಳೇ, ಅದನ್ನು ಬಂದು ಹೇಳುವ ಧೈರ್ಯ ಇದ್ದವಳೂ ಅವಳೊಬ್ಬಳೇ. ಅಂಥ ಕಣ್ಣನ್ನು, ಅಂಥ ಅಕ್ಕರೆಯನ್ನು ನಾನು ರೋಗವೆಂದು ತಿಳಿದು ವಾಸಿ ಮಾಡಿ ಕಳಿಸಿದೆ.

ಬುಡಗಳನ್ನು ಎಣಿಸಿದ ಮರುದಿನ ಅವಳನ್ನು ಕರೆಸಿದೆ. ಅರ್ಜಿ ತೆಗೆಯಲಿಲ್ಲ. ಅಂಗಡಿಯಿಂದ ಒಂದು ಬರಿಯ ನೋಟ್‌ಬುಕ್ ತಂದು, ಮೊದಲ ಪುಟಕ್ಕೆ ಒಂದು ಎಂದು ಸಂಖ್ಯೆ ಹಾಕಿದೆ. ನಮ್ಮಲ್ಲಿ ಅದು ಅಪರಾಧ, ಹಾಗೆ ಎಣಿಸಿದ ಕಾಗದ ಇಟ್ಟುಕೊಂಡವರ ಹುದ್ದೆ ಹೋಗುತ್ತದೆ. ಆರನೆಯ ತಿಂಗಳಲ್ಲಿ ಅವಳು ನಿಂತೇ ಹೇಳಿದ ಮಾತನ್ನು ಆ ಪುಟದಲ್ಲಿ ಮೊದಲು ಬರೆದೆ. ಮೊದಲ ವಾರ ಅವಳು ಬಾಯಿ ಬಿಡಲಿಲ್ಲ. ನಾನು ಇನ್ನೊಂದು ಪಟ್ಟಿ ಬರೆಸಿಕೊಳ್ಳಲು ಕಾಯುತ್ತಿದ್ದೇನೆ ಎಂದುಕೊಂಡು ಬಾಗಿಲ ಕಡೆಯೇ ನೋಡುತ್ತ ಕೂತಿದ್ದಳು. ಎರಡನೆಯ ವಾರ, ಇಲ್ಲಿ ನೀರಿಳಿತಕ್ಕೆ ಅಡ್ಡಿಯಿಲ್ಲವೇ ಎಂದು ಕೇಳಿದಳು. ಅದಕ್ಕೆ ಅಳು ಎನ್ನು ಎಂದೆ. ಆ ಪದ ನನ್ನ ಬಾಯಲ್ಲೂ ತಡವರಿಸಿತು. ಮೂರನೆಯ ವಾರ ಮೇಜು ಗುದ್ದಿ ಹೇಳಿದಳು: "ಸಿಟ್ಟು ಬರ್ತೈತ್ರೀ ಅಕ್ಕಾರ. ಹೊಟ್ಟ್ಯಾಗ ಬೆಂಕಿ ಇಟ್ಟಂಗ ಆಗ್ತೈತಿ. ಇದನ್ನ ಎಲ್ಲಿ ಇಡ್ಲಿ ನಾ?" ಇಲ್ಲೇ ಇಡು ಎಂದೆ, ಬರೆದುಕೊಂಡೆ. ನಾಲ್ಕನೆಯ ವಾರದಿಂದ ಅವಳು ನನ್ನನ್ನೇ ಬೈಯಲು ಶುರುಮಾಡಿದಳು. ಅದನ್ನೂ ಒಂದಕ್ಷರ ಬಿಡದೆ ಬರೆದುಕೊಂಡೆ. ಯಾವ ತಿಂಗಳು ಕಂಬಿ ಸಡಿಲವಾಯಿತು, ಯಾರಿಗೆ ಹೇಳಿದಳು, ಅವರು ನಕ್ಕು ಏನೆಂದರು, ಕೊನೆಗೆ ನನ್ನ ಬಳಿ ಯಾಕೆ ಬಂದಳು, ಎಲ್ಲವೂ ಬಂತು. ಒಳಿತು ಕೇಳುತ್ತಿದ್ದರೆ ಇದರಲ್ಲಿ ಒಂದು ಸಾಲೂ ಹೊರಬರುತ್ತಿರಲಿಲ್ಲ.

ಮೊನ್ನೆ ಒಂಬತ್ತನೆಯ ವಾರ. ಹೇಳುವುದೆಲ್ಲ ಮುಗಿದಿತ್ತು. ಆಗ ಯಾರೂ ಕೇಳದೆಯೇ ಅವಳು ಹೇಳಿದಳು: "ಪಾರಿ ಗೋಪುರದ ಮ್ಯಾಲಿಂದ ಸಿಳ್ಳಿ ಹೊಡದ್ರ ಕೆಳಗ ಟ್ರಾಮ್ ನಿಂತಬಿಡ್ತಿತ್ತರೀ. ಡ್ರೈವರ್ ಪಾಪ, ನಿಲ್ಸಾಕ ಸಿಗ್ನಲ್ ಕೊಟ್ರು ಅಂತ ತಿಳೀತಿದ್ದ." ಹೇಳಿ ನಕ್ಕಳು, ಕಣ್ಣಲ್ಲಿ ನೀರು ಹರಿಯುತ್ತಿರುವಾಗಲೇ ನಕ್ಕಳು. ನಾನೂ ನಕ್ಕೆ. ಆ ಗಳಿಗೆಯಲ್ಲಿ ನಿಮ್ಮ ವಿದ್ಯೆ ಏನೆಂದು ನನಗೆ ಹತ್ತೊಂಬತ್ತು ವರ್ಷದ ನಂತರ ತಿಳಿಯಿತು. ಒಳ್ಳೆಯದನ್ನು ಕೇಳಿ ಪಡೆಯುವ ಅವಸರ ಬೇಡ, ಜಾಗ ಮಾಡಿಕೊಟ್ಟರೆ ಅದು ತಾನಾಗಿ ಬಂದು ಕೂರುತ್ತದೆ. ಆ ಸಿಳ್ಳೆಯನ್ನು ನಾನು ಬರೆದುಕೊಳ್ಳಲಿಲ್ಲ. ಅದು ಅವಳದು, ಕಡತಕ್ಕೆ ಹೋಗುವಂಥದ್ದಲ್ಲ.

ನಿಮ್ಮ ಪುಸ್ತಕದ ಹೊಲಿಗೆ ಕೆಲಸ ಇಂದಿಗೆ ಮುಗಿಯಿತು. ಈ ಪತ್ರವನ್ನು ಹೊಸ ಪೆಟ್ಟಿಗೆಗೆ ಬೀಗ ಹಾಕುವ ಮೊದಲು ನಿಮ್ಮ ಪುಸ್ತಕದಲ್ಲಿ, ಆ ಹನ್ನೊಂದು ಬುಡಗಳ ಜಾಗದಲ್ಲಿ ಇಡುತ್ತೇನೆ. ಕಾಲಕ್ಕೆ ಹಿಂಬಾಗಿಲು ಇದೆಯೋ ಇಲ್ಲವೋ ತಿಳಿಯದು. ಇದ್ದರೆ ಅದು ನೀವು ಬ್ಲೇಡು ಎಳೆದ ಜಾಗದಲ್ಲೇ ಇರಬೇಕು. ನಿಮಗೆ ತಲುಪಿದರೆ ನನ್ನದೊಂದೇ ಕೋರಿಕೆ. ಹಾಳೆಗಳನ್ನು ಉಳಿಸಿ ಎಂದು ಕೇಳುವುದಿಲ್ಲ. ನಿಮ್ಮನ್ನು ನಂಬಿ ಅತ್ತವರ ಹೆಸರು, ಮನೆ, ಮಾತು ಎಲ್ಲವನ್ನೂ ಕತ್ತರಿಸಿ, ಅದು ನಿಮ್ಮ ಧರ್ಮ. ಕತ್ತರಿಸಿದ ಮೇಲೆ ಇಪ್ಪತ್ತಮೂರನೆಯ ಪುಟದ ತಲೆಯ ಮೇಲೆ ಒಂದೇ ಒಂದು ಸಾಲು ಬರೆಯಿರಿ: ಇದನ್ನು ಕೇಳುವ ಮೊದಲು ಒಂಬತ್ತು ವಾರ ಅವರ ಕಷ್ಟ ಕೇಳಿದ್ದೇನೆ. ಅಷ್ಟು ಸಾಕು. ನೀವು ಬರೆದರೆ ಈ ಪತ್ರಕ್ಕೆ ಕಾರಣವೇ ಇರುವುದಿಲ್ಲ, ನಾನು ಇದನ್ನು ಬರೆದೂ ಇರುವುದಿಲ್ಲ. ಆರನೆಯ ತಿಂಗಳಲ್ಲಿ ನನ್ನ ಕೋಣೆಗೆ ಒಬ್ಬ ಹೆಂಗಸು ಬಂದು ಏಣಿಯ ಬಗ್ಗೆ ಹೇಳುತ್ತಾಳೆ, ನಾನು ಎದ್ದು ಚಪ್ಪಲಿ ಮೆಟ್ಟಿ ಅವಳ ಜೊತೆ ಏಣಿ ನೋಡಲು ಹೋಗುತ್ತೇನೆ.

ನೀವು ಬರೆಯದಿದ್ದರೆ, ನಾಳೆ ಬೆಳಿಗ್ಗೆ ವಿಚಾರಣೆ ಇದೆ. ಅರಳುಪತ್ರಕ್ಕೆ ನಾನು ರುಜು ಹಾಕಿಲ್ಲ. ಸಾಕ್ಷಿಯಾಗಿ ಸಾವಂತ್ರೆವ್ವ ನಿಲ್ಲುವಂತಿಲ್ಲ, ಆದರೆ ನಾನು ನಿಲ್ಲಬಹುದು. ನಾಳೆ ಮಧ್ಯಾಹ್ನದವರೆಗಾದರೂ ನಾನು ಅರಳಿದವಳು. ಅವಳೇ ಓದಿ ನೋಡಿ, ಒಪ್ಪಿ, ಹೆಬ್ಬೆರಳು ಒತ್ತಿಕೊಟ್ಟ, ಒಂದರಿಂದ ಎಣಿಸಿದ ಆ ಹೊಸ ನೋಟ್‌ಬುಕ್ಕನ್ನು ಕೈಯಲ್ಲಿ ಹಿಡಿದು ಹೋಗುತ್ತೇನೆ. ಇಪ್ಪತ್ತಮೂರನೆಯ ಪುಟ ಖಾಲಿ ಬಿಟ್ಟಿದ್ದೇನೆ, ಅಲ್ಲಿ ಏನು ಬರೆಯಬೇಕು, ಯಾವಾಗ ಬರೆಯಬೇಕು ಎಂಬುದು ಅವಳಿಗೆ ಬಿಟ್ಟದ್ದು. ವಕೀಲ ತನ್ನ ಹಳದಿ ಹಾಳೆ ಬಿಚ್ಚಿದಾಗ ನಾನು ಎದ್ದು ನಿಂತು, ಆ ಸಭೆಯಲ್ಲಿ ಯಾರೂ ಕೇಳಿರದ ಅಂಕಿಯಿಂದ ಓದಲು ತೊಡಗುತ್ತೇನೆ. ಪುಟ ಒಂದು. ಅಕ್ಕಾರ, ಮ್ಯಾಲಿನ ಏಣಿಗಂಬಿ ಅಲಗಾಡಾಕತ್ತೈತ್ರಿ.

ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿಯದ,
ನಿಮ್ಮದೇ ಕಸುಬಿನ
ನೀಲಗಂಗಾ ಕರಜಗಿ